14 ಅಡಿ ರೀಫರ್ ಗಾಡಿ ತಗೊಳ್ಳೋ ಮುಂಚೆ: ಇಂಜಿನ್ ಆಫ್ ಆದ್ರೆ ಕೂಲಿಂಗ್ ಎಲ್ಲಿಂದ ಬರ್ತದೆ?

ಮದ್ದೂರು_ಲೈನ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎಂಟು ವರ್ಷ ಹಳೇ 14 ಅಡಿ ಬಾಡಿ ರೀಫರ್ ಗಾಡಿ (ಸರಕು ತಣ್ಣಗಿಡೋ ಗಾಡಿ) ಒಂದು ಮಾರಾಟಕ್ಕಿದೆ. ಕೆಲಸ ಎರಡು ಥರ. ಒಂದು, ಬೆಳಿಗ್ಗೆ ಮೈಸೂರಲ್ಲಿ ಪನೀರ್, ಮೊಸರು, ಬೆಣ್ಣೆ ತುಂಬ್ಕೊಂಡು ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ, ಮದ್ದೂರು ಅಂತ ಇಪ್ಪತ್ತು ಅಂಗಡಿಗೆ ಇಳಿಸ್ಕೊಂಡು ಬರೋದು. ಇನ್ನೊಂದು, ವಾರಕ್ಕೆರಡು ಸಲ ಬೀನ್ಸು, ಕ್ಯಾರೆಟ್ಟು ಹಾಕ್ಕೊಂಡು ಗುಂಡ್ಲುಪೇಟೆ ಮೇಲೆ ಕ್ಯಾಲಿಕಟ್‌ಗೆ.

ಕೂಲಿಂಗ್ ಯೂನಿಟ್ಟಿಗೆ ಶಕ್ತಿ ಎಲ್ಲಿಂದ ಬರ್ತದೆ, ಅಂಗಡಿ ಮುಂದೆ ಇಂಜಿನ್ ಆಫ್ ಮಾಡಿದ್ರೆ ಏನಾಗ್ತದೆ? ಬಂಡೀಪುರದ ಗೇಟು ಹಾಕ್ಬಿಟ್ರೆ ರಾತ್ರಿಯೆಲ್ಲ ಗಾಡಿ ನಿಲ್ಸಿರಬೇಕು, ಆವಾಗ? ಮಾರೋರು "4 ಕಿಲೋವ್ಯಾಟ್ ಯೂನಿಟ್ಟು, ಐಸ್‌ಕ್ರೀಮನ್ನೂ ಹಾಕಬಹುದು" ಅಂತಾವ್ರೆ. ನಂಬಬಹುದಾ? ತಿಳಿದೋರು ಬಿಡಿಸಿ ಹೇಳಿ.

ಹೆಬ್ಬಾಳ_ಕೂಲಿಂಗ್

ಅಣ್ಣ, ಯಾವ ಕಂಪನಿ ಯೂನಿಟ್ಟಾದ್ರೂ ಒಳಗೆ ನಡೆಯೋ ಕೆಲಸ ಒಂದೇ. ಕಂಪ್ರೆಸರ್ರು ಗ್ಯಾಸನ್ನ ಒತ್ತಿ ಬಿಸಿ ಮಾಡಿ ಕಂಡೆನ್ಸರಿಗೆ ತಳ್ತದೆ. ಕ್ಯಾಬಿನ್ ತಲೆ ಮೇಲೆ ಫ್ಯಾನ್ ಹಾಕ್ಕೊಂಡು ಕೂತಿರೋ ಪೆಟ್ಟಿಗೆ ಅದೇ. ಅಲ್ಲಿ ಗ್ಯಾಸು ಶಾಖ ಹೊರಗೆ ಬಿಟ್ಟು ದ್ರವ ಆಗ್ತದೆ. ಆಮೇಲೆ ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ತೂತಲ್ಲಿ ನುಗ್ಗಿ ಒತ್ತಡ ದಿಢೀರ್ ಇಳೀತದೆ, ಬಾಡಿ ಒಳಗಿರೋ ಕಾಯಿಲ್‌ನಲ್ಲಿ ಕುದಿದು ಒಳಗಿನ ಶಾಖ ಎಳ್ಕೋತದೆ. ಬ್ಲೋವರ್ರು ಆ ತಣ್ಣನೆ ಗಾಳಿನ ಸರಕಿನ ಮೇಲೆ ಹಾಯಿಸ್ತದೆ. ಆರ್-404ಎ ಗ್ಯಾಸು ಮಾಮೂಲಿ ಗಾಳಿ ಒತ್ತಡದಲ್ಲಿ ಮೈನಸ್ 46 ಡಿಗ್ರಿ ಆಸುಪಾಸಲ್ಲೇ ಕುದೀತದೆ, ಅದಕ್ಕೇ ಫ್ರೋಝನ್ ಕೆಲಸಕ್ಕೆ ಅದು. ಆರ್-134ಎ ಕುದಿಯೋದು ಮೈನಸ್ 26ಕ್ಕೆ, ಅದು ಹಾಲು ಮೊಸರಿನ ಗಾಡಿಗೆ ಸರಿ.

ವ್ಯತ್ಯಾಸ ಇರೋದು ಕಂಪ್ರೆಸರ್ ತಿರುಗಿಸೋರು ಯಾರು ಅನ್ನೋದರಲ್ಲಿ.

ಡೈರೆಕ್ಟ್ ಡ್ರೈವ್: ಗಾಡಿ ಇಂಜಿನ್ನಿಗೇ ಇನ್ನೊಂದು ಬೆಲ್ಟ್ ಹಾಕಿ, ಮ್ಯಾಗ್ನೆಟಿಕ್ ಕ್ಲಚ್ ಮೂಲಕ ಕಂಪ್ರೆಸರ್ ಓಡಿಸ್ತಾರೆ. 14 ಅಡಿ ಗಾಡಿಗಳಲ್ಲಿ ಹೆಚ್ಚಾಗಿ ಸಿಗೋದು ಇದೇ. ಬೆಲೆ ಕಮ್ಮಿ, ತೂಕ ಕಮ್ಮಿ. ಆದ್ರೆ ಇಂಜಿನ್ ಆಫ್ ಆದ್ರೆ ಕೂಲಿಂಗ್ ಸೊನ್ನೆ. ಐಡಲ್‌ನಲ್ಲೂ ಪೂರ್ತಿ ಕೆಲಸ ಮಾಡಲ್ಲ: ರೋಡಲ್ಲಿ 2000 ಆರ್‌ಪಿಎಂ ಇರೋ ಇಂಜಿನ್ನು ನಿಂತಾಗ 750–800ಕ್ಕೆ ಬರ್ತದೆ, ಕಂಪ್ರೆಸರ್ ವೇಗನೂ ಅದೇ ಲೆಕ್ಕದಲ್ಲಿ ಬೀಳ್ತದೆ. 4 ಕಿಲೋವ್ಯಾಟ್ ಅಂತ ಬರೆದಿರೋ ಯೂನಿಟ್ಟು ಐಡಲ್‌ನಲ್ಲಿ ಒಂದೂವರೆ ಕೊಟ್ರೆ ಹೆಚ್ಚು.

ಸ್ವಂತ ಇಂಜಿನ್: ಯೂನಿಟ್ಟಿಗೇ ಪುಟ್ಟ ಡೀಸೆಲ್ ಇಂಜಿನ್, ಸ್ಟಾರ್ಟರ್ರು, ಸೈಲೆನ್ಸರ್ರು ಎಲ್ಲ ಬೇರೆ. ಗಾಡಿ ಓಡಲಿ, ನಿಂತಿರಲಿ, ಅದರ ಪಾಡಿಗೆ ಅದು ನಡೀತದೆ. ಡೀಸೆಲ್ ಲೆಕ್ಕ ಹಿಂಗೆ ಹಾಕಿ: ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್, ಅಂದ್ರೆ ಕಿಲೋವ್ಯಾಟ್-ಅವರ್) ಶಕ್ತಿ, ಸಣ್ಣ ಇಂಜಿನ್ನು ಅದರಲ್ಲಿ ಕಾಲು ಭಾಗ ಮಾತ್ರ ಶಾಫ್ಟಿಗೆ ಕೊಡ್ತದೆ. ಕಂಪ್ರೆಸರ್ರು, ಫ್ಯಾನು ಸೇರಿ 2 ಕಿಲೋವ್ಯಾಟ್ ಎಳೆದ್ರೆ ಗಂಟೆಗೆ ಮುಕ್ಕಾಲು ಲೀಟರಿಗಿಂತ ತುಸು ಜಾಸ್ತಿ. ಅವರ್ ಮೀಟರ್ ಇರ್ತದೆ, ಅದನ್ನ ನೋಡಿ ಆಯಿಲ್, ಫಿಲ್ಟರ್ ಬದಲಾಯಿಸಬೇಕು. ಕಿಲೋಮೀಟರ್ ನೋಡ್ಕೊಂಡು ಸರ್ವೀಸ್ ಮಾಡಿಸೋರೇ ಜಾಸ್ತಿ, ಹಂಗೇ ಇಂಜಿನ್ ಜಾಮ್ ಮಾಡ್ಕೋತಾರೆ.

ಸ್ಟ್ಯಾಂಡ್‌ಬೈ: ಮೇಲಿನ ಎರಡಕ್ಕೂ ಜೊತೆಗೆ ಒಂದು ಮೋಟರ್ ಇರಬಹುದು. ಶೆಡ್ಡಲ್ಲಿ 415 ವೋಲ್ಟ್ ತ್ರೀ ಫೇಸ್ ಪ್ಲಗ್ ಚುಚ್ಚಿದ್ರೆ ಇಂಜಿನ್ ಇಲ್ದೆ ಕೂಲಿಂಗ್ ನಡೀತದೆ. ಬೆಳಿಗ್ಗೆ ಲೋಡ್ ಮಾಡೋ ಮುಂಚೆ ಬಾಡಿ ತಣ್ಣಗೆ ಮಾಡ್ಕೊಳ್ಳೋಕೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಹಳ್ಳಿ ಕಡೆ ಪಂಪ್‌ಸೆಟ್ ಲೈನಲ್ಲಿ ತ್ರೀ ಫೇಸ್ ಬರೋದು ಕೆಲವೇ ಗಂಟೆ, ಅದನ್ನ ನಂಬ್ಕೋಬೇಡಿ. ಸೆಸ್ಕ್‌ನಿಂದ (ನಮ್ಮ ಕಡೆ ಕರೆಂಟ್ ಕಂಪನಿ) ಸರಿಯಾದ ಕನೆಕ್ಷನ್ ತಗೊಳ್ಳಿ. ಕೇಬಲ್ಲು 4 ಸ್ಕ್ವೇರ್ ಎಂಎಂ ತಾಮ್ರದ್ದಿರಲಿ, ಅರ್ತಿಂಗ್ ಕಡ್ಡಾಯ. ತೆಳ್ಳನೆ ವೈರ್ ಉದ್ದಕ್ಕೆ ಎಳೆದ್ರೆ ವೋಲ್ಟೇಜ್ ಬಿದ್ದು ಮೋಟರ್ ಸುಡ್ತದೆ. ಫೇಸ್ ಅದಲುಬದಲಾದ್ರೆ ಮೋಟರ್ ಉಲ್ಟಾ ತಿರುಗ್ತದೆ, ಫೇಸ್ ರಿಲೇ ಇಲ್ಲದಿದ್ರೆ ಹಾಕಿಸಿ.

ನೀವು ನೋಡಿರೋ ಗಾಡಿಲಿ ಬಾನೆಟ್ ತೆಗೆಸಿ ನೋಡಿ. ಇಂಜಿನ್ ಪಕ್ಕ ಎರಡನೇ ಬೆಲ್ಟು, ಬ್ರಾಕೆಟ್ ಮೇಲೆ ಕಂಪ್ರೆಸರ್ ಇದ್ರೆ ಡೈರೆಕ್ಟ್ ಡ್ರೈವೇ. ಐಸ್‌ಕ್ರೀಮ್ ಮಾತು ಬಿಟ್ಬಿಡಿ. 4 ಕಿಲೋವ್ಯಾಟ್ ಅನ್ನೋದು 0 ಡಿಗ್ರಿಯ ಲೆಕ್ಕ ಇರ್ತದೆ. ಅದೇ ಯೂನಿಟ್ಟು ಮೈನಸ್ 20ರಲ್ಲಿ ಅರ್ಧಕ್ಕೆ ಇಳೀತದೆ. ಯೂನಿಟ್ಟಿನ ಪ್ಲೇಟಲ್ಲಿ ಎರಡೂ ಅಂಕಿ ಇದೆಯಾ ನೋಡಿ.

ಡೈರಿ_ತಂತ್ರಜ್ಞ

ಮೇಲಿನವರು ಯಂತ್ರದ ಕಡೆಯಿಂದ ಹೇಳಿದ್ದಾರೆ. ಶಾಖದ ಕಡೆಯಿಂದ ಲೆಕ್ಕ ಹಾಕಿದರೆ ನಿಮ್ಮ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ.

ಬಾಡಿಯ ಅಳತೆ 4.3 ಮೀಟರ್ ಉದ್ದ, 2 ಮೀಟರ್ ಅಗಲ, 2 ಮೀಟರ್ ಎತ್ತರ ಎಂದಿಟ್ಟುಕೊಳ್ಳಿ. ಆರೂ ಮುಖ ಸೇರಿ 42 ಚದರ ಮೀಟರ್ ಚಿಲ್ಲರೆ. ಚೆನ್ನಾಗಿರುವ ಪಫ್ (ಗೋಡೆಯೊಳಗೆ ತುಂಬಿದ, ಶಾಖ ತಡೆಯುವ ಫೋಮ್) ಬಾಡಿಯಲ್ಲಿ ಒಂದು ಚದರ ಮೀಟರಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ 0.4 ವ್ಯಾಟ್ ಶಾಖ ಒಳಗೆ ಸೋರುತ್ತದೆ. ಆಹಾರ ಸಾಗಣೆಯ ಅಂತರರಾಷ್ಟ್ರೀಯ ಎಟಿಪಿ ಒಪ್ಪಂದದಲ್ಲಿ ಫ್ರೋಝನ್ ಬಾಡಿಗೆ ಇಟ್ಟಿರುವ ಮಿತಿಯೂ ಅದೇ. ಹೊರಗೆ 36, ಒಳಗೆ 4 ಡಿಗ್ರಿ ಇದ್ದರೆ ಗೋಡೆಗಳಿಂದ ಸುಮಾರು 540 ವ್ಯಾಟ್. ಪಫ್ ಹಳತಾದಂತೆ ಈ ಸೋರಿಕೆ ವರ್ಷಕ್ಕೆ 3ರಿಂದ 5 ಪರ್ಸೆಂಟ್ ಏರುತ್ತದೆ. ಎಂಟು ವರ್ಷಕ್ಕೆ ಒಂದೂವರೆ ಪಟ್ಟಿನ ಹತ್ತಿರ, ಅಂದರೆ 800 ವ್ಯಾಟ್ ಎಂದು ಹಿಡಿಯಿರಿ. ಆರು ಗಂಟೆಯ ರೂಟಿಗೆ 5 ಯೂನಿಟ್ ಆಯಿತು.

ಈಗ ಬಾಗಿಲಿಗೆ ಬನ್ನಿ. ಒಳಗಿನ ಗಾಳಿ 17 ಘನ ಮೀಟರ್, ತೂಕ 20 ಕೆಜಿ. ಒಂದು ಸಲ ಬಾಗಿಲು ಅಗಲಕ್ಕೆ ತೆರೆದು ಆ ಗಾಳಿಯಷ್ಟೂ ಬದಲಾದರೆ, ಹೊರಗೆ 32 ಡಿಗ್ರಿ, 50 ಪರ್ಸೆಂಟ್ ತೇವ ಇರುವ ದಿನ ಒಳಬರುವ ಶಾಖ ಸುಮಾರು 1100 ಕಿಲೋಜೌಲ್, ಅಂದರೆ 0.3 ಯೂನಿಟ್. ಅದರಲ್ಲಿ ಅರ್ಧದಷ್ಟು ಬರೀ ತೇವದ್ದು. ಇಪ್ಪತ್ತು ಅಂಗಡಿಗೆ 6 ಯೂನಿಟ್! ಹಳೇ ಬಾಡಿಯ ಗೋಡೆಗಳಷ್ಟೂ ಸೇರಿ ತರುವುದಕ್ಕಿಂತ ಬಾಗಿಲೊಂದೇ ಹೆಚ್ಚು ತರುತ್ತದೆ. ಜೊತೆಗೆ ಪ್ರತಿ ಸಲ ಸುಮಾರು 200 ಗ್ರಾಂ ನೀರಾವಿ ಒಳಗೆ ಬರುತ್ತದೆ. ರೂಟ್ ಮುಗಿಯುವ ಹೊತ್ತಿಗೆ ಕಾಯಿಲ್ ಮೇಲೆ 4 ಕೆಜಿ ನೀರು, ಹಿಮ.

ಒಟ್ಟು 11 ಯೂನಿಟ್, ಆರು ಗಂಟೆಗೆ ಹಂಚಿದರೆ ಸರಾಸರಿ 1.8 ಕಿಲೋವ್ಯಾಟ್. ಬಿಸಿಲು ಬಾಡಿಯ ಮೇಲೆ ನೇರವಾಗಿ ಬೀಳುವುದು, ಬ್ಲೋವರ್ ಮೋಟರಿನ ಶಾಖ ಇದಕ್ಕೆ ಮೇಲೆ. 4 ಕಿಲೋವ್ಯಾಟ್ ಯೂನಿಟ್ ರಸ್ತೆಯಲ್ಲಿ ಓಡುವಾಗ ಇದನ್ನು ಸಲೀಸಾಗಿ ತಡೆದುಕೊಳ್ಳುತ್ತದೆ. ನಿಮ್ಮ ರೂಟಿನಲ್ಲಿ ಗಾಡಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ತೊಂದರೆ ಇರುವುದು ಅಲ್ಲಿ.

ಅದಕ್ಕೆ ನನ್ನ ಸಲಹೆ ಯುಟೆಕ್ಟಿಕ್ ಪ್ಲೇಟ್. ಉಪ್ಪಿನ ದ್ರಾವಣ ತುಂಬಿದ ಚಪ್ಪಟೆ ಲೋಹದ ಪ್ಲೇಟುಗಳನ್ನು ಒಳಗಿನ ಚಾವಣಿ, ಗೋಡೆಗೆ ಬಿಗಿದಿರುತ್ತಾರೆ. ರಾತ್ರಿ ಕರೆಂಟಿನಲ್ಲಿ ಗಟ್ಟಿಯಾಗಿಸಿ, ಹಗಲು ಕರಗುತ್ತಾ ಶಾಖ ಹೀರಲು ಬಿಡುವುದು. ಹಗಲು ಇಂಜಿನ್ ಬೇಡ, ಬೆಲ್ಟ್ ಬೇಡ. ಮಂಜುಗಡ್ಡೆ ಒಂದು ಕೆಜಿ ಕರಗಲು 334 ಕಿಲೋಜೌಲ್ ಬೇಕು. 11 ಯೂನಿಟ್ಟಿಗೆ 120 ಕೆಜಿ. ಉಪ್ಪು ಬೆರೆತಾಗ ಹೀರುವ ಶಕ್ತಿ ಕಡಿಮೆಯಾಗುತ್ತದೆ, ಲೋಹದ ತೂಕ ಬೇರೆ, ಆದ್ದರಿಂದ ಎರಡು ಕ್ವಿಂಟಾಲ್ ಲೋಡ್ ಬಿಟ್ಟುಕೊಡಬೇಕು. ಪನೀರ್, ಮೊಸರಿಗೆ ಮೈನಸ್ 3 ಡಿಗ್ರಿ ಆಸುಪಾಸಿನಲ್ಲಿ ಕರಗುವ ಪ್ಲೇಟ್ ಸಾಕು. ಐಸ್‌ಕ್ರೀಮಿಗೆ ಅಡುಗೆ ಉಪ್ಪಿನ ದ್ರಾವಣವೂ ಸಾಲದು: ಅದು ಕರಗುವುದೇ ಮೈನಸ್ 21ರಲ್ಲಿ, ಸರಕನ್ನು ಮೈನಸ್ 18ರಲ್ಲಿ ಇಡಲು ಉಳಿಯುವ ಅಂತರ ಮೂರೇ ಡಿಗ್ರಿ.

ಹೆಬ್ಬಾಳ_ಕೂಲಿಂಗ್

ಸರ್, ಪ್ಲೇಟ್ ಬರೀ ಅಂಗಡಿ ರೂಟಿಗೆ ಒಪ್ತೀನಿ. ಇವರು ಅದೇ ಗಾಡಿನ ಕ್ಯಾಲಿಕಟ್‌ಗೂ ಬಿಡ್ತಾರಲ್ಲ. ಪ್ಲೇಟಿಗೆ ಟೆಂಪರೇಚರ್ ಬದಲಾಯಿಸೋಕೆ ಆಗಲ್ಲ, ಅದು ಕರಗೋ ಡಿಗ್ರಿ ಒಂದೇ. ಬೀನ್ಸಿಗೆ 5–7 ಬೇಕು, ಮೈನಸ್ 3ರ ಪ್ಲೇಟಿನ ಹತ್ತಿರ ಇಟ್ಟ ಕ್ರೇಟು ಚಳಿಗೆ ಹಾಳಾಗ್ತದೆ. ದಾರಿಲಿ ಕರಗಿ ಮುಗಿದ್ರೆ ಮತ್ತೆ ಗಟ್ಟಿ ಮಾಡ್ಕೊಳ್ಳೋಕೆ ರಾತ್ರಿಯಿಡೀ ಪ್ಲಗ್ ಬೇಕು.

ಡೈರಿ_ತಂತ್ರಜ್ಞ

ಆ ಮಾತು ಸರಿ. ಎರಡೂ ಕೆಲಸಕ್ಕೆ ಒಂದೇ ಗಾಡಿ ಎಂದಾದರೆ ಪ್ಲೇಟ್ ಬೇಡ. ತರಕಾರಿಗೆ ಸ್ವಂತ ಇಂಜಿನ್ ಯೂನಿಟ್, ಇಲ್ಲವೇ ಡೈರೆಕ್ಟ್ ಡ್ರೈವ್ ಜೊತೆ ಸ್ಟ್ಯಾಂಡ್‌ಬೈ.

ಮದ್ದೂರು_ಲೈನ್

ತುಂಬಾ ಉಪಕಾರ ಆಯ್ತು. ಬಾನೆಟ್ ತೆಗೆಸಿ ನೋಡ್ದೆ, ಎರಡನೇ ಬೆಲ್ಟ್ ಇದೆ, ಡೈರೆಕ್ಟ್ ಡ್ರೈವೇ. ಸ್ಟ್ಯಾಂಡ್‌ಬೈ ಇಲ್ಲ. "ಇನ್ವರ್ಟರ್ ಬ್ಯಾಟರಿ ಇಟ್ಕೊಂಡ್ರೆ ಇಂಜಿನ್ ಆಫ್ ಮಾಡಿದಾಗ ನಡೀತದೆ" ಅಂತಾರೆ. ಗ್ಯಾಸು ಮೂರು ತಿಂಗಳಿಗೊಂದ್ಸಲ ಟಾಪ್‌ಅಪ್ ಮಾಡಿಸಬೇಕಂತೆ, ಅದು ಮಾಮೂಲಿನಾ?

ಹೆಬ್ಬಾಳ_ಕೂಲಿಂಗ್

ಮಾಮೂಲಿ ಅಲ್ವೇ ಅಲ್ಲ. ಗ್ಯಾಸು ಖರ್ಚಾಗೋ ಪದಾರ್ಥ ಅಲ್ಲ, ಕಮ್ಮಿ ಆಗಿದ್ರೆ ಎಲ್ಲೋ ಸೋರಿದೆ. ಡೈರೆಕ್ಟ್ ಡ್ರೈವಲ್ಲಿ ಎರಡು ಜಾಗ ಮೊದಲು ನೋಡಬೇಕು: ಕಂಪ್ರೆಸರ್ ಶಾಫ್ಟ್ ಸೀಲು, ಆಮೇಲೆ ಇಂಜಿನ್ನಿಂದ ಬಾಡಿಗೆ ಹೋಗೋ ರಬ್ಬರ್ ಹೋಸಿನ ಕ್ರಿಂಪು (ತುದಿಲಿ ಒತ್ತಿ ಕೂರಿಸಿರೋ ಜೋಡಣೆ). ಇಂಜಿನ್ ಅಲ್ಲಾಡ್ತದೆ, ಬಾಡಿ ಬೇರೆ ಥರ ಅಲ್ಲಾಡ್ತದೆ, ಎಳೆತ ಎಲ್ಲ ಹೋಸಿನ ಮೇಲೆ. ಸೋರಿದ ಕಡೆ ಎಣ್ಣೆ ಜಿಡ್ಡು, ಅದಕ್ಕೆ ಧೂಳು ಮೆತ್ಕೊಂಡಿರ್ತದೆ. ಗಾಡಿ ವಾರಗಟ್ಟಲೆ ನಿಂತಿದ್ರೆ ಸೀಲು ಒಣಗಿ ಬಿಡ್ತದೆ. ಕೆಲಸ ಇಲ್ದಿದ್ರೂ ವಾರಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಯೂನಿಟ್ ಓಡಿಸಬೇಕು.

ರಿಪೇರಿ ಕ್ರಮ: ಉಳಿದ ಗ್ಯಾಸನ್ನ ಸಿಲಿಂಡರಿಗೆ ಎಳೆದಿಟ್ಕೊಂಡು, ನೈಟ್ರೋಜನ್ ತುಂಬಿ ಸೋಪು ನೀರಲ್ಲಿ ಲೀಕ್ ಹುಡುಕಿ, ಸರಿ ಮಾಡಿ, ಡ್ರೈಯರ್ (ಗ್ಯಾಸಿನ ತೇವ ಹೀರೋ ಡಬ್ಬಿ) ಹೊಸದು ಹಾಕಿ, 500 ಮೈಕ್ರಾನ್ (ವ್ಯಾಕ್ಯೂಮ್ ಗೇಜಿನ ಅಳತೆ) ತನಕ ವ್ಯಾಕ್ಯೂಮ್ ಎಳೆದು, ಪಂಪ್ ನಿಲ್ಸಿದ ಮೇಲೂ ಅದು ನಿಲ್ತದಾ ನೋಡಬೇಕು. ಈ ಗ್ಯಾಸುಗಳ ಜೊತೆ ಬಳಸೋ ಪಿಒಇ ಆಯಿಲ್ಲು ಗಾಳಿ ತೇವ ಬೇಗ ಹೀರ್ತದೆ, ವ್ಯಾಕ್ಯೂಮ್ ಬಿಟ್ರೆ ಆ ನೀರು ವಾಲ್ವಿನ ತೂತಲ್ಲಿ ಮಂಜುಗಟ್ಟಿ ಕೂಲಿಂಗ್ ಬಂದು ಹೋಗಿ ಮಾಡ್ತದೆ. 404ಎ ಮೂರು ಗ್ಯಾಸುಗಳ ಮಿಶ್ರಣ, ಅದಕ್ಕೆ ಸಿಲಿಂಡರಿನಿಂದ ದ್ರವ ರೂಪದಲ್ಲೇ ತೂಕ ನೋಡಿ ತುಂಬಬೇಕು. ಎಷ್ಟು ಗ್ರಾಂ ಅಂತ ಯೂನಿಟ್ ಪ್ಲೇಟ್ ಮೇಲಿರ್ತದೆ. ಗೇಜ್ ನೋಡಿ ಅಂದಾಜಲ್ಲಿ ಬಿಡೋರ ಹತ್ರ ಹೋಗಬೇಡಿ.

ಇನ್ವರ್ಟರ್ ಮಾತು ಬೆಲ್ಟ್ ಕಂಪ್ರೆಸರಿಗೆ ಅನ್ವಯಿಸೋದೇ ಇಲ್ಲ, ಅದನ್ನ ತಿರುಗಿಸೋದು ಇಂಜಿನ್ ಬೆಲ್ಟು. ಮೋಟರ್ ಕಂಪ್ರೆಸರ್ ಬೇರೆ ಹಾಕಿಸಿದ್ರೂ ಲೆಕ್ಕ ನೋಡಿ: 12 ವೋಲ್ಟ್ 150 ಎಎಚ್ ಬ್ಯಾಟರಿಲಿ 1.8 ಯೂನಿಟ್, ಬ್ಯಾಟರಿ ಬಾಳಬೇಕಾದ್ರೆ ಅರ್ಧ ಮಾತ್ರ ಬಳಸಬೇಕು. 1.5 ಕಿಲೋವ್ಯಾಟ್ ಎಳೆಯೋ ಯೂನಿಟ್ಟಿಗೆ ಅದು ಅರ್ಧ ಗಂಟೆ ಚಿಲ್ಲರೆ. ತಿರುಗಿ ಚಾರ್ಜ್ ಮಾಡೋ ಆಲ್ಟರ್ನೇಟರ್ 90 ಆಂಪಿಯರ್‌ದಾದ್ರೆ ಪೂರ್ತಿ ಕೊಟ್ರೂ 1.2 ಕಿಲೋವ್ಯಾಟು, ಅದರಲ್ಲಿ ಹೆಡ್‌ಲೈಟು, ಬ್ಲೋವರ್ರು, ಕಂಡೆನ್ಸರ್ ಫ್ಯಾನು ಎಲ್ಲ ನಡೀಬೇಕು.

ಅಂಗಡಿ ರೂಟಿಗೆ ಖರ್ಚು ಕಮ್ಮಿ ದಾರಿ ಮೂರಿದೆ. ಬಾಗಿಲಿಗೆ ಪಿವಿಸಿ ಪಟ್ಟಿ ಪರದೆ ಹಾಕಿಸಿ. ಬಾಗಿಲು ತೆಗೆದ ತಕ್ಷಣ ಬ್ಲೋವರ್ ನಿಲ್ಲೋ ಹಂಗೆ ಡೋರ್ ಸ್ವಿಚ್ ಹಾಕಿಸಿ. ಬ್ಲೋವರ್ ಓಡ್ತಿದ್ರೆ ಅದೇ ತಣ್ಣನೆ ಗಾಳಿನ ಹೊರಗೆ ದಬ್ಬಿ ಬಿಸಿ ಗಾಳಿ ಎಳ್ಕೋತದೆ. ಪಕ್ಕದ ಸಣ್ಣ ಬಾಗಿಲಿದ್ರೆ ಅದನ್ನೇ ಬಳಸಿ. ಕೊನೆ ಅಂಗಡಿ ಮಾಲು ಒಳಗೆ, ಮೊದಲ ಅಂಗಡಿದು ಬಾಗಿಲ ಹತ್ರ.

ಬಂಡೀಪಾಳ್ಯ_ಲೋಡಿಂಗ್

ತರಕಾರಿ ಕಡೆ ಯಾರೂ ಹೇಳಿಲ್ಲ, ಅದು ಹೇಳ್ತೀನಿ. ಎಲ್ಲಕ್ಕಿಂತ ಮುಖ್ಯ: ರೀಫರ್ ಗಾಡಿ ಸರಕನ್ನ ತಣ್ಣಗೆ ಮಾಡೋಕೆ ಇರೋದಲ್ಲ, ತಣ್ಣಗಿರೋ ಸರಕನ್ನ ಹಂಗೇ ಕಾಪಾಡೋಕೆ. ಹೊಲದಿಂದ ನೇರ ಬಂದ 2 ಟನ್ ಬೀನ್ಸು 30 ಡಿಗ್ರಿಲಿರುತ್ತೆ. 8ಕ್ಕೆ ಇಳಿಸ್ಬೇಕಂದ್ರೆ ಸುಮಾರು 48 ಯೂನಿಟ್ ಶಾಖ ತೆಗೀಬೇಕು. ಗೋಡೆ, ಬಿಸಿಲಿಗೆ ಹೋಗಿ ನಿಮ್ಮ ಯೂನಿಟ್ಟಲ್ಲಿ 2 ಕಿಲೋವ್ಯಾಟ್ ಮಿಕ್ಕುತ್ತೆ ಅಂದ್ಕೊಳ್ಳಿ, ಒಂದು ದಿನ ಪೂರ್ತಿ ಬೇಕು. ಕ್ಯಾಲಿಕಟ್ ಅಷ್ಟರಲ್ಲಿ ಬಂದು, ಮಾಲು ಇಳಿದೂ ಆಗಿರುತ್ತೆ. ಅದರ ಮೇಲೆ ಬೀನ್ಸು ಉಸಿರಾಡ್ತಾ ತಾನೇ ಶಾಖ ಬಿಡ್ತಿರುತ್ತೆ, ಬಿಸಿ ಇದ್ದಷ್ಟೂ ಜಾಸ್ತಿ. ಆದ್ದರಿಂದ ಕೋಲ್ಡ್ ರೂಮಲ್ಲಿ ಮೊದಲೇ ತಣ್ಣಗಾದ ಮಾಲು ಮಾತ್ರ ಹಾಕಿ. ಅದು ಸಿಗಲ್ಲ ಅಂದ್ರೆ ಬೆಳಗಿನ ಜಾವ ಕೊಯ್ದಿದ್ದು, ನೆರಳಲ್ಲಿಟ್ಟಿದ್ದು ಕೇಳಿ.

ಟೆಂಪರೇಚರ್: ಕ್ಯಾರೆಟ್ 0–2, ಬೀನ್ಸ್ 5–7. ಎರಡನ್ನೂ ಒಟ್ಟಿಗೆ ಹಾಕಿದ್ರೆ ಬೀನ್ಸಿನ ಲೆಕ್ಕಕ್ಕೆ ಸೆಟ್ ಮಾಡಿ, ಒಂದು ರಾತ್ರಿಗೆ ಕ್ಯಾರೆಟ್ಟಿಗೇನೂ ಆಗಲ್ಲ. ಬಾಳೆಹಣ್ಣು ಬೇಡ್ವೇ ಬೇಡ. ನಂಜನಗೂಡು ರಸಬಾಳೆ ಆಗ್ಲಿ, ಬೇರೆ ಯಾವುದೇ ಆಗ್ಲಿ, 13 ಡಿಗ್ರಿಗಿಂತ ಕೆಳಗೆ ಸಿಪ್ಪೆ ಕಪ್ಪಾಗುತ್ತೆ. ಹಣ್ಣಾಗೋವಾಗ ಅದು ಬಿಡೋ ಎಥಿಲೀನ್‌ಗೆ ಕ್ಯಾರೆಟ್ ಕಹಿ ಆಗುತ್ತೆ.

ಲೋಡ್ ಮಾಡೋವಾಗ ಚಾವಣಿಯಿಂದ ಒಂದಡಿ ಬಿಡಿ, ಮುಂದಿನ ಗೋಡೆಯಿಂದ ಒಂದು ಗೇಣು. ನೆಲದ ಮೇಲೆ ಪ್ಯಾಲೆಟ್ ಅಥವಾ ಜಾಲರಿ ಹಾಸಿ. ಗಾಳಿ ಮೇಲಿಂದ ಹಿಂದಕ್ಕೆ ಹೋಗಿ, ಸರಕಿನ ಮಧ್ಯೆ, ತಳದಲ್ಲಿ ಹಾದು ವಾಪಸ್ ಬರ್ಬೇಕು. ತಳ ಮುಚ್ಚಿದ್ರೆ ಮಧ್ಯದ ಕ್ರೇಟು ಬಿಸಿ, ಮೇಲಿನದು ಮಂಜು. ಡಿಸ್ಪ್ಲೇಲಿ ಕಾಣೋದು ಸಾಮಾನ್ಯವಾಗಿ ವಾಪಸ್ ಬರೋ ಗಾಳಿಯ ಡಿಗ್ರಿ, ಮಾಲಿನದ್ದಲ್ಲ. ಪ್ರೋಬ್ ಥರ್ಮಾಮೀಟರ್ ತಗೊಂಡು ಮಧ್ಯದ ಕ್ರೇಟಿನೊಳಗೆ ಚುಚ್ಚಿ ನೋಡಿ, ಲೋಡ್ ಆದ ಮೇಲೆ ಒಂದ್ಸಲ, ಇಳಿಸೋ ಮುಂಚೆ ಒಂದ್ಸಲ, ಬರೆದಿಟ್ಕೊಳ್ಳಿ.

ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂದ್. ಮೈಸೂರಿಂದ ಗುಂಡ್ಲುಪೇಟೆ 60 ಕಿಲೋಮೀಟರು. ಸಂಜೆ 5ಕ್ಕೆ ಮೈಸೂರು ಬಿಟ್ರೆ ಚೆಕ್‌ಪೋಸ್ಟ್ ನಿಧಾನಕ್ಕೆ ದಾಟಬಹುದು. ತಪ್ಪಿಸ್ಕೊಂಡ್ರೆ ಒಂಬತ್ತು ಗಂಟೆ ಐಡಲ್, ಗಂಟೆಗೆ ಒಂದು ಲೀಟರ್ ಆಸುಪಾಸು ಡೀಸೆಲ್, ಅದೂ ಅರ್ಧಂಬರ್ಧ ಕೂಲಿಂಗಿಗೆ. ಡೈರೆಕ್ಟ್ ಡ್ರೈವ್ ಗಾಡಿ ತಗೊಂಡ್ರೆ ಆ ಟೈಮಿಗೆ ಕಟ್ಟುಬಿದ್ದು ಲೋಡಿಂಗ್ ಮುಗಿಸ್ಬೇಕು. ಮಂಡಿಲಿ ಮಾಲು ಲೇಟಾಗುತ್ತೆ ಅನ್ನೋ ದಿನ ರಾತ್ರಿ ಮೈಸೂರಲ್ಲೇ ಕೋಲ್ಡ್ ರೂಮಲ್ಲಿಟ್ಟು ಬೆಳಗಿನ ಜಾವ ಹೊರಡಿ.

ಹೆಬ್ಬಾಳ_ಕೂಲಿಂಗ್

ಹಳೇ ಗಾಡಿ ನೋಡೋ ಕ್ರಮ ಹೇಳಿಬಿಡ್ತೀನಿ, ದುಡ್ಡು ಕೊಡೋ ಮುಂಚೆ ಇಷ್ಟೂ ಮಾಡಿ.

ಮೊದಲು ವೇ ಬ್ರಿಡ್ಜ್. ಖಾಲಿ ಗಾಡಿ ತೂಕ ಹಾಕಿಸಿ ಆರ್‌ಸಿಲಿರೋ ಖಾಲಿ ತೂಕಕ್ಕೆ ಹೋಲಿಸಿ. ಡೀಸೆಲ್ಲು, ಸ್ಟೆಪ್ನಿ ಲೆಕ್ಕ ಬಿಟ್ಟು ಕ್ವಿಂಟಾಲ್‌ಗಟ್ಟಲೆ ಜಾಸ್ತಿ ಬಂದ್ರೆ ಪಫ್ ನೀರು ಕುಡಿದಿದೆ. ನೆಲದ ಶೀಟಿನ ಜಾಯಿಂಟು, ಬಾಗಿಲ ಹೊಸ್ತಿಲು, ಎಲ್ಲೋ ಸ್ಕ್ರೂ ಹೊಡೆದ ತೂತು, ಅಲ್ಲಿಂದ ತೊಳೆದ ನೀರು ಇಳೀತದೆ. ನೀರು ಕುಡಿದ ಪಫ್ ಶಾಖ ತಡೆಯಲ್ಲ, ಒಣಗೋದೂ ಇಲ್ಲ. ಅಂಥ ಬಾಡಿ ಬೇಡ, ಎಷ್ಟು ಕಮ್ಮಿಗೆ ಕೊಟ್ರೂ.

ಹಗಲಲ್ಲಿ ಒಬ್ಬರು ಒಳಗೆ ನಿಂತು ಬಾಗಿಲು ಹಾಕಿಸ್ಕೊಳ್ಳಿ; ಮುಂಚೆ ಒಳಗಿನ ಹಿಡಿಯಿಂದ ಬಾಗಿಲು ತೆಗೆಯೋಕಾಗ್ತದಾ ನೋಡ್ಕೊಂಡೇ. ಬೆಳಕು ಬಂದ ಕಡೆ ರಬ್ಬರ್ ಹೋಗಿದೆ. ಆಮೇಲೆ ರಬ್ಬರಿನ ಮಧ್ಯೆ ಕಾಗದ ಇಟ್ಟು ಬಾಗಿಲು ಹಾಕಿ ಎಳೀರಿ, ಸಲೀಸಾಗಿ ಬಂದ್ರೆ ಅಲ್ಲೂ ಬಿಗಿ ಇಲ್ಲ. ರಬ್ಬರ್ ಬದಲಾಯಿಸೋದು ದೊಡ್ಡ ಖರ್ಚಲ್ಲ, ಕೀಲು ಜೋತು ಬಿದ್ದಿದ್ರೆ ಮಾತ್ರ ಕಷ್ಟ.

ಮಧ್ಯಾಹ್ನ ಬಿಸಿಲಲ್ಲಿ ಖಾಲಿ ಬಾಡಿಗೆ 2 ಡಿಗ್ರಿ ಸೆಟ್ ಮಾಡಿ, ನಿಮ್ಮದೇ ಥರ್ಮಾಮೀಟರ್ ಒಳಗಿಟ್ಟು, ರೋಡಲ್ಲಿ ಓಡಿಸಿ. ಒಂದು, ಒಂದೂಕಾಲು ಗಂಟೇಲಿ 4ಕ್ಕೆ ಬರಬೇಕು. ಬಂದ ಮೇಲೆ ಯೂನಿಟ್ ಆಫ್ ಮಾಡಿ, ಬಾಗಿಲು ತೆಗೀದೆ, ಹತ್ತು ಹತ್ತು ನಿಮಿಷಕ್ಕೆ ಎಷ್ಟು ಏರ್ತದೆ ಬರ್ಕೊಳ್ಳಿ. ಇಳಿಯೋಕೆ ತಡ ಆಗಿ ಏರೋದು ನಿಧಾನ ಆದ್ರೆ ತೊಂದರೆ ಯೂನಿಟ್ಟಲ್ಲಿ: ಬೆಲ್ಟ್ ಸಡಿಲ, ಗ್ಯಾಸ್ ಕಮ್ಮಿ, ಕಂಡೆನ್ಸರ್‌ನಲ್ಲಿ ಧೂಳು. ಬೇಗ ಇಳಿದು ಬೇಗ ಏರಿದ್ರೆ ತೊಂದರೆ ಬಾಡಿಲಿ. ಮೊದಲನೇದನ್ನ ರಿಪೇರಿ ಮಾಡಿಸಬಹುದು.

ಡಿಫ್ರಾಸ್ಟ್ ಬಟನ್ ಒತ್ತಿ ನೋಡಿ. ಕಾಯಿಲಿನ ಮಂಜು ಕರಗಿ ತಳದ ಡ್ರೈನ್ ಪೈಪಲ್ಲಿ ನೀರು ಬೀಳಬೇಕು. ಬೀಳದಿದ್ರೆ ಪೈಪ್ ಕಟ್ಟಿದೆ, ಆ ನೀರು ಮತ್ತೆ ಗಟ್ಟಿಯಾಗಿ ಬ್ಲೋವರ್ ರೆಕ್ಕೆಗೆ ತಾಕ್ತದೆ. ನಿಮ್ಮ ಅಂಗಡಿ ರೂಟಿಗೆ ಡಿಫ್ರಾಸ್ಟ್ ಎರಡು ಗಂಟೆಗೊಂದ್ಸಲ ಸೆಟ್ ಮಾಡಿ, ಕ್ಯಾಲಿಕಟ್ ರೂಟಲ್ಲಿ ಬಾಗಿಲು ತೆಗೆಯಲ್ಲ, ನಾಲ್ಕು ಗಂಟೆ ಸಾಕು.

ಈ ಗಾಡಿ ವಿಷಯಕ್ಕೆ ಬಂದ್ರೆ: ಬಾಡಿ ಚೆನ್ನಾಗಿದ್ದು ಲೀಕ್ ಬರೀ ಹೋಸು, ಸೀಲಿನದ್ದಾದ್ರೆ, ರಿಪೇರಿ ಖರ್ಚು ಮುರ್ಕೊಂಡು, ಸ್ಟ್ಯಾಂಡ್‌ಬೈ ಹಾಕಿಸೋ ಖರ್ಚೂ ಸೇರಿಸಿ ಬೆಲೆ ಕೇಳಿ. ಸ್ಟ್ಯಾಂಡ್‌ಬೈ ಕೂರಿಸೋಕೆ ಅದೇ ಮಾಡೆಲ್‌ಗೆ ಕಿಟ್ ಸಿಗ್ತದಾ ಅಂತ ಯೂನಿಟ್ ಕಂಪನಿ ಡೀಲರ್‌ನ ಮುಂಚೆ ಕೇಳ್ಕೊಳ್ಳಿ, ಎಲ್ಲ ಮಾಡೆಲ್‌ಗೂ ಸಿಗಲ್ಲ.

ಡೈರಿ_ತಂತ್ರಜ್ಞ

ಕಾಗದದ ವಿಷಯ ಒಂದು ಉಳಿದಿದೆ. ಆಹಾರ ಸಾಗಿಸುವ ಗಾಡಿಗೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಅಥವಾ ಲೈಸೆನ್ಸ್ ಬೇಕು, ಹಳೇ ಮಾಲೀಕರ ಹೆಸರಿನದ್ದು ನಿಮಗೆ ಬರುವುದಿಲ್ಲ. ಬೀನ್ಸ್ ಟ್ರಿಪ್ ಮುಗಿಸಿ ಮರುದಿನ ಪನೀರ್ ಹಾಕುವ ಮುನ್ನ ಬಾಡಿಯನ್ನು ಡಿಟರ್ಜೆಂಟಿನಲ್ಲಿ ತೊಳೆದು, ಪ್ಯಾಕಿನ ಮೇಲೆ ಬರೆದಿರುವ ಪ್ರಮಾಣದಲ್ಲಿ ಸ್ಯಾನಿಟೈಸರ್ ಹಾಕಿ, ಬಾಗಿಲು ತೆರೆದಿಟ್ಟು ಪೂರ್ತಿ ಒಣಗಿಸಿ. ಒದ್ದೆ ಇರುವಾಗಲೇ ಯೂನಿಟ್ ಹಾಕಿದರೆ ಆ ನೀರೆಲ್ಲ ಕಾಯಿಲ್ ಮೇಲೆ ಹಿಮವಾಗಿ ಕೂರುತ್ತದೆ. ತೊಳೆಯುವಾಗ ಪ್ರೆಷರ್ ಗನ್ನನ್ನು ನೆಲದ ಜಾಯಿಂಟಿಗೆ, ಬಾಗಿಲ ರಬ್ಬರಿಗೆ ನೇರ ಹಿಡಿಯಬೇಡಿ.